ಅಚ್ಚಿನ ಮೇಲಿನ ಭಾರ: ಕಲ್ಲುನಾಡಿನಲ್ಲಿ ಎತ್ತಿನ ಗಾಡಿಯಿಂದ ಟ್ರೇಲರಿನವರೆಗೆ

ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಹೊರಟ ಕಲ್ಲಿನ ಲಾರಿಯನ್ನು ಹೊಸಬರು ನೋಡಿದರೆ, ಅದು ಅರ್ಧ ಖಾಲಿ ಹೋಗುತ್ತಿದೆ ಎಂದೇ ಭಾವಿಸುತ್ತಾರೆ. ಹತ್ತಿಯನ್ನೋ ಹೊಟ್ಟನ್ನೋ ಹೇರಿದ ಲಾರಿಯಂತೆ ಅದರ ಹೊರೆ ಆಕಾಶಕ್ಕೆ ಏರಿರುವುದಿಲ್ಲ. ಅಂಚಿನ ಮೇಲೆ ನಿಲ್ಲಿಸಿದ ಚಪ್ಪಡಿಗಳ ಕೆಲವು ಸಾಲುಗಳು, ನಡುವೆ ಬಿಟ್ಟ ಜಾಗ, ಅಷ್ಟೆ. ಆದರೆ ಒಂದು ಘನ ಮೀಟರ್ ಸುಣ್ಣಕಲ್ಲು ಎರಡೂವರೆ ಟನ್ನಿಗಿಂತಲೂ ಹೆಚ್ಚು ತೂಗುತ್ತದೆ. ಹತ್ತು ಟನ್ ಕಲ್ಲನ್ನು ಸಾಧಾರಣ ಲಾರಿಯೊಂದರ ತಳದ ಮೇಲೆ ಸಮನಾಗಿ ಹರಡಿದರೆ ಅದರ ಎತ್ತರ ಒಂದಡಿಯಷ್ಟಾದರೆ ಹೆಚ್ಚು. ಕಣ್ಣಿಗೆ ಖಾಲಿಯಾಗಿ ಕಾಣುವ ಲಾರಿ ವಾಸ್ತವದಲ್ಲಿ ತುಂಬಿರುತ್ತದೆ.

ಈ ಒಂದು ಸಂಗತಿಯಿಂದಲೇ ಕಲ್ಲು ಸಾಗಿಸುವವರ ಹಳೆಯ ಸಮಸ್ಯೆ ಹುಟ್ಟುತ್ತದೆ. ಎಷ್ಟು ಹೇರಬೇಕು ಎನ್ನುವುದು ಮೊದಲ ಪ್ರಶ್ನೆ. ಎಲ್ಲಿ ಹೇರಬೇಕು ಎನ್ನುವುದು ಎರಡನೆಯದು ಮತ್ತು ಹೆಚ್ಚು ಕಷ್ಟದ್ದು. ಗಾಲಿಗಳನ್ನು ಹೊತ್ತ ಅಚ್ಚು ಎಲ್ಲಿದೆ, ಅದಕ್ಕೆ ಮುಂದೆ ಎಷ್ಟು ಭಾರ, ಹಿಂದೆ ಎಷ್ಟು ಭಾರ ಎಂಬ ಲೆಕ್ಕ ತಪ್ಪಿದರೆ ಒಟ್ಟು ತೂಕ ಸರಿಯಿದ್ದರೂ ಗಾಡಿ ಕೆಡುತ್ತದೆ, ದಾರಿ ಕೆಡುತ್ತದೆ. ಎತ್ತಿನ ಗಾಡಿಯವರಿಗೆ ಈ ಲೆಕ್ಕ ಗೊತ್ತಿತ್ತು. ಇಂದು ಇಪ್ಪತ್ತೆರಡು ಗಾಲಿಯ ಟ್ರೇಲರ್ ಓಡಿಸುವ ಚಾಲಕನಿಗೂ ಅದು ಗೊತ್ತಿರಬೇಕು. ಲೆಕ್ಕ ಒಂದೇ, ತಪ್ಪಿದಾಗ ದಂಡ ತೆರುವವರು ಮಾತ್ರ ಕಾಲಕಾಲಕ್ಕೆ ಬದಲಾಗಿದ್ದಾರೆ.

ಪದರ ಪದರದ ನೆಲ

ಭೀಮಾ ಮತ್ತು ಕಾಗಿಣಾ ನದಿಗಳ ಈ ಸೀಮೆಯ ಕಪ್ಪು ಮಣ್ಣಿನ ಕೆಳಗೆ ಸುಣ್ಣಕಲ್ಲು ಹಾಸಿಕೊಂಡಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಡಿಸಿಕೊಳ್ಳುವುದು ಈ ಕಲ್ಲಿನ ಗುಣ. ಉಳಿ, ಸುತ್ತಿಗೆ, ಹಾರೆಗಳಿದ್ದರೆ ಚಪ್ಪಡಿ ಎದ್ದು ಬರುತ್ತದೆ. ಹೀಗೆ ಎದ್ದ ಚಪ್ಪಡಿಗೆ ನಾಡಿನುದ್ದಕ್ಕೂ ಇರುವ ಹೆಸರು ಶಹಾಬಾದ್ ಕಲ್ಲು. ಸ್ಥಳೀಯರ ಬಾಯಲ್ಲಿ ಫರಸಿ.

ಈ ಕಲ್ಲಿನ ಬಳಕೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಬೌದ್ಧ ಸ್ತೂಪದ ಕೆತ್ತನೆಯ ಫಲಕಗಳೆಲ್ಲ ಸುಣ್ಣಕಲ್ಲಿನವೇ. ಅಶೋಕ ಚಕ್ರವರ್ತಿಯ ಹೆಸರು ಕೆತ್ತಿದ ಅವನದೇ ಚಿತ್ರ ಸಿಕ್ಕಿದ್ದು ಇಲ್ಲಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂದರೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಕಾಗಿಣಾ ದಂಡೆಯ ಅದರ ಕೋಟೆಯೂ ಇದೇ ನೆಲದ ಕಲ್ಲಿನದು. ಅಂದರೆ ಎರಡು ಸಾವಿರ ವರ್ಷಗಳಿಂದ ಈ ಸೀಮೆಯ ಜನ ಭಾರವಾದ ವಸ್ತುವೊಂದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತಲೇ ಇದ್ದಾರೆ.

ನೊಗ ಹೇಳುವ ತೂಕ

ಎರಡು ಗಾಲಿ, ಒಂದು ಅಚ್ಚು, ಮುಂದೆ ಚಾಚಿದ ಮೂಕಿ, ಅದರ ತುದಿಗೆ ನೊಗ. ಎತ್ತಿನ ಗಾಡಿಯ ಈ ಕಟ್ಟು ಬಹಳ ಹಳೆಯದು. ಕ್ರಿಸ್ತಪೂರ್ವ 2ನೆಯ ಶತಮಾನದ್ದೆಂದು ಹೇಳಲಾಗುವ, ಮಧ್ಯಪ್ರದೇಶದ ಭಾರ್ಹುತದ ಶಿಲ್ಪದಲ್ಲಿ ಕೊರಳು ಬಿಚ್ಚಿದ ಎತ್ತುಗಳ ಪಕ್ಕದಲ್ಲಿ ಇಳಿಸಿ ನಿಲ್ಲಿಸಿದ ಗಾಡಿಯನ್ನು ಇಂದಿನ ರೈತನೂ ಗುರುತು ಹಿಡಿಯಬಲ್ಲ.

ಒಂದೇ ಅಚ್ಚಿನ ಗಾಡಿ ಮೂಲತಃ ಒಂದು ತಕ್ಕಡಿ. ಅಚ್ಚು ಅದರ ನಡುಗೀಲು. ಹೊರೆಯ ಭಾರಕೇಂದ್ರ ಸರಿಯಾಗಿ ಅಚ್ಚಿನ ಮೇಲೆಯೇ ಬಿದ್ದರೆ ನೊಗದ ಮೇಲೆ ಭಾರವೇ ಇರುವುದಿಲ್ಲ. ತುಸು ಮುಂದೆ ಸರಿದರೆ ಎತ್ತಿನ ಹೆಗಲಿಗೆ ತೂಕ ಬೀಳುತ್ತದೆ, ಇದು ಮುಂಭಾರ. ಹಿಂದೆ ಸರಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳ ಹಗ್ಗವನ್ನು ಜಗ್ಗುತ್ತದೆ, ಇದು ಹಿಂಭಾರ. ಮುಂಭಾರ ಹೆಚ್ಚಾದರೆ ಹೆಗಲು ಬಾತು ಹುಣ್ಣಾಗುತ್ತದೆ. ಹಿಂಭಾರ ಹೆಚ್ಚಾದರೆ ಎತ್ತಿಗೆ ಉಸಿರು ಕಟ್ಟುತ್ತದೆ, ಎಳೆಯಲು ಹಿಡಿತವೇ ಸಿಗುವುದಿಲ್ಲ. ನುರಿತ ಗಾಡಿಯವನು ಹೇರುವಾಗ ನೊಗವನ್ನು ಕೈಯಿಂದ ಎತ್ತಿ ನೋಡುತ್ತಿದ್ದುದು ಇದಕ್ಕಾಗಿ. ಒಬ್ಬ ಮನುಷ್ಯ ಸಲೀಸಾಗಿ ಎತ್ತುವಷ್ಟು ಮುಂಭಾರವಿದ್ದರೆ ಸರಿ. ಇಲ್ಲವಾದರೆ ಒಂದು ಚೀಲ ತೊಗರಿಯನ್ನೋ ನಾಲ್ಕು ಕಲ್ಲನ್ನೋ ಹಿಂದಕ್ಕೆ ಸರಿಸಬೇಕು.

ಸಮತಟ್ಟಾದ ದಾರಿಯಲ್ಲಿ ಕೂಡಿಸಿದ ಈ ಸಮತೋಲ ಏರಿನಲ್ಲಿ ಉಳಿಯುವುದಿಲ್ಲ. ಹೊರೆ ಅಚ್ಚಿಗಿಂತ ಎತ್ತರದಲ್ಲಿರುವುದರಿಂದ ಗಾಡಿ ಏರು ಹತ್ತಿದಾಗ ಭಾರಕೇಂದ್ರ ಹಿಂದಕ್ಕೆ ವಾಲುತ್ತದೆ, ಇಳಿಯುವಾಗ ಮುಂದಕ್ಕೆ. ಬಯಲು ಸೀಮೆಯಾದ ಚಿತ್ತಾಪುರ, ಸೇಡಂ ಕಡೆ ಇದು ಅಷ್ಟಾಗಿ ಕಾಡದು. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯ ಗುಡ್ಡಗಾಡಿನ ದಾರಿಗಳಲ್ಲಿ ಕಾಡುತ್ತದೆ. ಇಳಿಜಾರಿನಲ್ಲಿ ಗಾಡಿಯವನು ತಾನೇ ಹಿಂದಕ್ಕೆ ಹೋಗಿ ಕೂರುವುದು ಅಥವಾ ಗಾಡಿಯ ಹಿಂಬದಿಗೆ ಜೋತುಬೀಳುವುದು ತನ್ನ ಮೈಯ ತೂಕವನ್ನೇ ಎತ್ತಿನ ಸಹಾಯಕ್ಕೆ ಒಡ್ಡುವ ಉಪಾಯ.

ಹಳ್ಳಿಯವರು ಕೈಯಳತೆಯಿಂದ ಬಲ್ಲ ಈ ವಿದ್ಯೆಯನ್ನು 1970ರ ದಶಕದಲ್ಲಿ ಬೆಂಗಳೂರಿನ ಎರಡು ಸಂಸ್ಥೆಗಳು ಲೆಕ್ಕಕ್ಕೆ ಇಳಿಸಿದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಗ್ರಾಮೀಣ ತಂತ್ರಜ್ಞಾನ ಕೇಂದ್ರದ ಕಾಲದಲ್ಲಿ ಎಂಜಿನಿಯರುಗಳು ಗಾಡಿಯ ಎಳೆತ, ನೊಗದ ಭಾರಗಳನ್ನು ಅಳೆದರು. ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕ ಪ್ರೊ. ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಯನ್ನೇ ತಮ್ಮ ಮುಂದಿನ ಬದುಕಿನ ಕೆಲಸವಾಗಿ ಮಾಡಿಕೊಂಡರು. ದೇಶದ ಸರಕಿನ ಬಹುಪಾಲನ್ನು ಎತ್ತು ಹೊರುತ್ತಿರುವಾಗ, ಅದರ ಹೆಗಲಿನ ಬಗ್ಗೆ ಯಾರೂ ಯೋಚಿಸುತ್ತಿಲ್ಲ ಎಂಬುದು ಅವರ ಕೊರಗಾಗಿತ್ತು.

ಅಷ್ಟರಲ್ಲಿ ಕಬ್ಬಿಣದ ಪಟ್ಟಾ ಹಾಕಿದ ಮರದ ಗಾಲಿಯ ಜಾಗಕ್ಕೆ ರಬ್ಬರ್ ಟೈರಿನ ‘ಡನ್ಲಪ್ ಗಾಡಿ’ ಬಂದಿತ್ತು. ಗಾಲಿ ಹಗುರವಾಗಿ ಉರುಳಿದ್ದರಿಂದ ಅದೇ ಜೋಡೆತ್ತು ಮೊದಲಿಗಿಂತ ಹೆಚ್ಚು ಎಳೆಯಿತು. ಆದರೆ ಎಳೆಯಲು ಹಗುರವಾದದ್ದೇ ಹೆಚ್ಚು ಹೇರಲು ಕಾರಣವೂ ಆಯಿತು. ಮುಂದೆ ಲಾರಿಯ ಕಥೆಯಲ್ಲೂ ಇದೇ ನಡೆಯಿತು.

ರೈಲು ಮತ್ತು ಕಾರ್ಖಾನೆ

ಶಹಾಬಾದ್ ಕಲ್ಲನ್ನು ದೂರದೂರಿಗೆ ಒಯ್ದದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾರ್ಗ ಸೊಲ್ಲಾಪುರದಿಂದ ಶಹಾಬಾದ್, ವಾಡಿಗಳ ಮೇಲೆ ಹಾದು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ಮಾರ್ಗ ವಾಡಿಯಿಂದ ಚಿತ್ತಾಪುರ, ಸೇಡಂ ಮೂಲಕ ಸಿಕಂದರಾಬಾದಿಗೆ ಹೊರಟಿತು. ಸಣ್ಣ ಹಳ್ಳಿಯಾಗಿದ್ದ ವಾಡಿ ಎರಡು ಮಾರ್ಗ ಕೂಡುವ ಜಂಕ್ಷನ್ ಆಯಿತು. ರೈಲಿನ ಡಬ್ಬಿಗೆ ಎರಡೂ ತುದಿಯಲ್ಲಿ ಅಚ್ಚುಗಳಿರುವುದರಿಂದ ಅಲ್ಲಿ ನೊಗದ ಪ್ರಶ್ನೆ ಇರಲಿಲ್ಲ. ಗಣಿಯಿಂದ ನಿಲ್ದಾಣದವರೆಗಿನ ಕೆಲವು ಮೈಲಿ ಮಾತ್ರ ಎತ್ತಿನ ಪಾಲಿಗೆ ಉಳಿಯಿತು.

1920ರ ದಶಕದಲ್ಲಿ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ತಲೆಯೆತ್ತಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನದೂ ಅದರಲ್ಲಿ ಸೇರಿತು. 1968ರಲ್ಲಿ ವಾಡಿಯಲ್ಲಿ ಎಸಿಸಿ ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡದಲ್ಲಿ ರಾಜಶ್ರೀ ಮತ್ತು ಸೇಡಂನಲ್ಲಿ ವಾಸವದತ್ತ, 2010ರ ನಂತರ ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳಲ್ಲಿ ಮತ್ತಷ್ಟು. ಚಪ್ಪಡಿಯಾಗಿ ಹೋಗುತ್ತಿದ್ದ ಕಲ್ಲು ಪುಡಿಯಾಗಿ, 50 ಕಿಲೋ ಚೀಲವಾಗಿ ಹೋಗತೊಡಗಿತು. ರೈಲು ನಿಲ್ದಾಣವಿಲ್ಲದ ಊರಿಗೂ ಸಿಮೆಂಟ್ ಬೇಕಾದಾಗ ಲಾರಿ ಮುಂದೆ ಬಂತು.

ಕಮ್ಮಾರ ಕಟ್ಟಿದ ಟ್ರೇಲರ್

ಟ್ರೇಲರ್ ಎಂಬ ವಾಹನ ಹುಟ್ಟಿದ್ದು ಕುಲುಮೆಯಲ್ಲೇ. ಅಮೆರಿಕದ ಡೆಟ್ರಾಯಿಟ್ ನಗರದ ಕಮ್ಮಾರ ಆಗಸ್ಟ್ ಫ್ರೂಹಾಫ್ ಎಂಬಾತ ಕುದುರೆಗೆ ಲಾಳ ಕಟ್ಟುತ್ತ, ಸಾರೋಟು ಮಾಡುತ್ತ ಇದ್ದವನು. 1914ರಲ್ಲಿ ಮರದ ವ್ಯಾಪಾರಿಯೊಬ್ಬ ತನ್ನ ದೋಣಿಯನ್ನು ಫೋರ್ಡ್ ಕಾರಿನ ಹಿಂದೆ ಎಳೆದೊಯ್ಯುವ ಗಾಡಿ ಮಾಡಿಕೊಡೆಂದು ಕೇಳಿದ. ಫ್ರೂಹಾಫ್ ಎರಡು ಗಾಲಿಯ ಗಾಡಿ ಮಾಡಿ, ಅದರ ಮುಂತುದಿಯನ್ನು ಕಾರಿನ ಮೇಲೆ ಕೂರಿಸಿದ. ಅದನ್ನು ‘ಸೆಮಿ ಟ್ರೇಲರ್’ ಎಂದು ಕರೆದ. ಅರ್ಧ ಭಾರ ತನ್ನ ಗಾಲಿಗೆ, ಉಳಿದರ್ಧ ಎಳೆಯುವ ವಾಹನಕ್ಕೆ. ಎತ್ತಿನ ಗಾಡಿಯ ತತ್ತ್ವವೂ ಇದೇ. ನೊಗದ ಜಾಗದಲ್ಲಿ ಎಂಜಿನ್ ಬಂದು ಕೂತಿತು.

ಇಂದಿನ ಟ್ರೇಲರಿನಲ್ಲಿ ಆ ಜೋಡಣೆಗೆ ಕಿಂಗ್ ಪಿನ್ ಎನ್ನುತ್ತಾರೆ. ಟ್ರೇಲರಿನ ಕೆಳಗೆ ಇಳಿಬಿದ್ದ ಈ ದಪ್ಪ ಗೂಟ ಎಂಜಿನ್ ಲಾರಿಯ ಬೆನ್ನಿನ ಮೇಲಿನ ದುಂಡನೆಯ ತಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕಿಂಗ್ ಪಿನ್ನಿನಿಂದ ಹಿಂದಿನ ಅಚ್ಚುಗಳ ನಡುವಿಗೆ 8 ಮೀಟರ್ ದೂರ ಇದೆ ಎಂದುಕೊಳ್ಳೋಣ. 24 ಟನ್ ಹೊರೆಯ ಕೇಂದ್ರ ಸರಿಯಾಗಿ ಮಧ್ಯೆ ಬಿದ್ದರೆ ಅಚ್ಚುಗಳಿಗೆ 12, ಕಿಂಗ್ ಪಿನ್ನಿಗೆ 12 ಟನ್. ಅದೇ ಹೊರೆಯನ್ನು ಒಂದು ಮೀಟರ್ ಹಿಂದಕ್ಕೆ ಹೇರಿದರೆ ಅಚ್ಚುಗಳಿಗೆ 15, ಕಿಂಗ್ ಪಿನ್ನಿಗೆ 9. ಒಂದು ಕಿಲೋ ಸಹ ಹೆಚ್ಚು ಹೇರದೆ ಹಿಂದಿನ ಗಾಲಿಗಳ ಭಾರ 3 ಟನ್ ಏರಿತು.

ಇದಕ್ಕೆ ಪರಿಹಾರ ಎರಡು: ಹೊರೆಯನ್ನು ಸರಿಸುವುದು ಅಥವಾ ಅಚ್ಚನ್ನೇ ಸರಿಸುವುದು. ಅಮೆರಿಕದ ಅನೇಕ ಟ್ರೇಲರುಗಳಲ್ಲಿ ಹಿಂದಿನ ಜೋಡಿ ಅಚ್ಚು ಹಳಿಯಂತಹ ಚೌಕಟ್ಟಿನಲ್ಲಿ ಹಿಂದೆ ಮುಂದೆ ಜಾರುತ್ತದೆ. ಚೌಕಟ್ಟಿನ ಉದ್ದಕ್ಕೂ ಕೆಲವೇ ಅಂಗುಲಗಳ ಅಂತರದಲ್ಲಿ ತೂತುಗಳಿರುತ್ತವೆ. ಚಾಲಕ ಟ್ರೇಲರಿನ ಬ್ರೇಕ್ ಹಿಡಿದು, ಕೀಲುಗಳನ್ನು ಹೊರಗೆಳೆದು, ಎಂಜಿನ್ ಲಾರಿಯನ್ನು ಮೆಲ್ಲಗೆ ಮುಂದಕ್ಕೋ ಹಿಂದಕ್ಕೋ ನಡೆಸುತ್ತಾನೆ. ಗಾಲಿ ನಿಂತಲ್ಲೇ ನಿಲ್ಲುತ್ತದೆ, ಮೇಲಿನ ಪೆಟ್ಟಿಗೆ ಸರಿಯುತ್ತದೆ. ಬೇಕಾದ ತೂತಿಗೆ ಕೀಲು ಕೂಡಿಸಿ ಮತ್ತೆ ತೂಗುತ್ತಾನೆ. ಅಚ್ಚು ಹಿಂದಕ್ಕೆ ಹೋದರೆ ಟ್ರೇಲರಿನ ಗಾಲಿಗಳ ಭಾರ ಇಳಿದು ಎಂಜಿನ್ ಲಾರಿಗೆ ಏರುತ್ತದೆ. ಮುಂದಕ್ಕೆ ಬಂದರೆ ಇದರ ವಿರುದ್ಧ. ಕೀಲು ಸರಿಯಾಗಿ ಕೂತಿದೆಯೇ ಎಂದು ಇಳಿದು ನೋಡದೆ ಹೊರಟರೆ ಅನಾಹುತ. ಎತ್ತಿನ ಗಾಡಿಯವನು ಹೊರಡುವ ಮುನ್ನ ಕಡಾಣಿಯನ್ನು ಮುಟ್ಟಿ ನೋಡುವಂತೆಯೇ ಇದು.

ನಮ್ಮ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಅಚ್ಚುಗಳು ಚಾಸಿಗೆ ಬಿಗಿದಿರುತ್ತವೆ, ಜಾರುವುದಿಲ್ಲ. ಹೀಗಾಗಿ ಇಲ್ಲಿ ಎಲ್ಲ ಜವಾಬ್ದಾರಿಯೂ ಹೇರುವವರದು. ಮೂರು ಅಚ್ಚಿನ ಟ್ರೇಲರಿನಲ್ಲಿ ಕಮಾನು ಪಾಟಾಗಳ ನಡುವೆ ತೂಗುಯ್ಯಾಲೆಯಂತಹ ಕೊಂಡಿಗಳಿರುತ್ತವೆ. ಒಂದು ಗಾಲಿ ಉಬ್ಬಿನ ಮೇಲೆ ಹತ್ತಿದಾಗ ಅವು ವಾಲಿ ಭಾರವನ್ನು ಉಳಿದ ಅಚ್ಚುಗಳಿಗೂ ಹಂಚುತ್ತವೆ. ದೂಳು ತುಂಬಿ, ಗ್ರೀಸ್ ಒಣಗಿ ಈ ಕೊಂಡಿ ಬಿಗಿದುಕೊಂಡರೆ ಮೂರು ಅಚ್ಚಿನ ಪಾಲು ಒಂದರ ಮೇಲೆಯೇ ಬೀಳುತ್ತದೆ. ಕೆಲವು ಲಾರಿಗಳಲ್ಲಿ ಗಾಳಿಯ ಒತ್ತಡದಿಂದ ಮೇಲೇಳುವ ‘ಲಿಫ್ಟ್ ಆಕ್ಸೆಲ್’ ಇರುತ್ತದೆ. ಲಾರಿ ಖಾಲಿ ಬರುವಾಗ ಆ ಗಾಲಿಗಳನ್ನು ನೆಲದಿಂದ ಎತ್ತಿದರೆ ಟೈರು, ಡೀಸೆಲ್ ಉಳಿಯುತ್ತವೆ. ಹೊರೆ ಹೇರಿದಾಗ ಇಳಿಸಲೇಬೇಕು. ಇಳಿಸದೆ ಓಡಿಸಿದರೆ ಪಕ್ಕದ ಅಚ್ಚು ಎರಡು ಅಚ್ಚಿನ ಭಾರ ಹೊರುತ್ತದೆ.

ಕಲ್ಲಿನ ಲಾರಿಯಲ್ಲಿ ಇನ್ನೊಂದು ತೊಡಕಿದೆ. ಕಲ್ಲನ್ನು ಎರಡು ಮೂರು ಊರುಗಳಲ್ಲಿ ಇಳಿಸುತ್ತ ಹೋಗುವ ಲಾರಿ ಹೊರಡುವಾಗ ಸಮವಾಗಿದ್ದರೂ ಮೊದಲ ಊರಿನಲ್ಲಿ ಹಿಂದಿನ ಸಾಲು ಇಳಿದೊಡನೆ ಉಳಿದ ಭಾರ ಮುಂದಕ್ಕೆ ಬೀಳುತ್ತದೆ. ಮುಂದಿನ ಸಾಲು ಇಳಿದರೆ ಹಿಂದಿನ ಅಚ್ಚಿನಾಚೆ ಹೊರೆ ತೂಗಾಡಿ, ಮುಂಗಾಲಿ ಹಗುರವಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಟ್ರ್ಯಾಕ್ಟರ್ ಟ್ರಾಲಿಯಲ್ಲೂ ಹೀಗೆಯೇ: ಟ್ರಾಲಿಯ ಮುಂಭಾರ ಹೆಚ್ಚಿ ಟ್ರ್ಯಾಕ್ಟರಿನ ಹಿಂದಿನ ಕೊಕ್ಕೆಯನ್ನು ಕೆಳಗೆ ಒತ್ತಿದರೆ ಏರಿನಲ್ಲಿ ಮುಂಗಾಲಿ ನೆಲ ಬಿಡುತ್ತದೆ. ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಮಗುಚಲು ಇದೂ ಒಂದು ಕಾರಣ. ಹೀಗಾಗಿ ಸಾಲುಗಳನ್ನು ಯಾವ ಕ್ರಮದಲ್ಲಿ ಇಳಿಸಬೇಕೆಂಬುದನ್ನು ಹೇರುವಾಗಲೇ ಯೋಚಿಸುವ ಹಮಾಲರು ಬರಿಯ ಕೂಲಿಗಳಲ್ಲ. ಆ ಲಾರಿಯ ಸುರಕ್ಷತೆ ಅವರ ಕೈಯಲ್ಲಿದೆ.

ರಸ್ತೆಯ ಲೆಕ್ಕ ಬೇರೆ

ಎತ್ತಿನ ಗಾಡಿಯ ಕಾಲದಲ್ಲಿ ತಪ್ಪಿದ ಲೆಕ್ಕವನ್ನು ಎತ್ತಿನ ಹೆಗಲು ಕೂಡಲೇ ಹೇಳುತ್ತಿತ್ತು. ಲಾರಿ ಬಂದ ಮೇಲೆ ಆ ದಂಡವನ್ನು ಮೊದಲು ಟೈರು, ಪಾಟಾ, ಬ್ರೇಕುಗಳು ತೆತ್ತವು. ಕೊನೆಗೆ ಅದು ರಸ್ತೆಯ ಮೇಲೆ ಬಿತ್ತು. ರಸ್ತೆ ಲಾರಿಯ ಒಟ್ಟು ತೂಕವನ್ನು ನೋಡುವುದಿಲ್ಲ. ಒಂದೊಂದು ಅಚ್ಚು ತನ್ನ ಮೇಲೆ ಎಷ್ಟು ಒತ್ತುತ್ತದೆ ಎಂಬುದನ್ನು ಮಾತ್ರ ನೋಡುತ್ತದೆ.

ಇದನ್ನು ತೋರಿಸಿಕೊಟ್ಟದ್ದು 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ ನಡೆದ ದೊಡ್ಡ ಪ್ರಯೋಗ. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಕಟ್ಟಿ, ಬೇರೆ ಬೇರೆ ಭಾರದ ಲಾರಿಗಳನ್ನು ಎರಡು ವರ್ಷ ಹಗಲಿರುಳು ಓಡಿಸಿದರು. ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಇಮ್ಮಡಿಯಲ್ಲ, ಸುಮಾರು ಹದಿನಾರು ಪಟ್ಟು ಎಂಬುದು ಅದರಿಂದ ತಿಳಿದ ಅಂದಾಜು. ‘ನಾಲ್ಕನೆಯ ಘಾತದ ನಿಯಮ’ ಎಂದು ಎಂಜಿನಿಯರುಗಳು ಕರೆಯುವುದು ಇದನ್ನೇ. ನಮ್ಮ ದೇಶದ ರಸ್ತೆ ವಿನ್ಯಾಸದಲ್ಲೂ ಇದರ ನೆರಳಿದೆ. ಇಲ್ಲಿ 8.16 ಟನ್ ಹೊತ್ತ ಒಂಟಿ ಅಚ್ಚನ್ನು ‘ಪ್ರಮಾಣ ಅಚ್ಚು’ ಎಂದು ಹಿಡಿದು, ಒಂದು ರಸ್ತೆ ತನ್ನ ಆಯುಷ್ಯದಲ್ಲಿ ಇಂತಹ ಎಷ್ಟು ಅಚ್ಚುಗಳನ್ನು ತಾಳಬೇಕು ಎಂದು ಲೆಕ್ಕ ಹಾಕುತ್ತಾರೆ.

ಕಾನೂನಿನ ಮಿತಿಗಳೂ ಅಚ್ಚಿನಿಂದಲೇ ಹುಟ್ಟುತ್ತವೆ. 1988ರ ಮೋಟಾರು ವಾಹನ ಕಾಯ್ದೆ ‘ಅಚ್ಚಿನ ತೂಕ’ಕ್ಕೆ ಪ್ರತ್ಯೇಕ ವ್ಯಾಖ್ಯೆ ಕೊಟ್ಟಿದೆ. 1996ರ ಅಧಿಸೂಚನೆಯಂತೆ ಎರಡು ಟೈರಿನ ಮುಂದಿನ ಅಚ್ಚಿಗೆ 6 ಟನ್, ನಾಲ್ಕು ಟೈರಿನ ಹಿಂದಿನ ಅಚ್ಚಿಗೆ 10.2 ಟನ್, ಎರಡೂ ಕೂಡಿ ಆರು ಗಾಲಿಯ ಲಾರಿಗೆ 16.2 ಟನ್. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು 7 ಮತ್ತು 11.5, ಒಟ್ಟು 18.5 ಟನ್ನಿಗೆ ಏರಿಸಿತು. ಜೋಡಿ ಅಚ್ಚಿನ ಮಿತಿ 19ರಿಂದ 21ಕ್ಕೆ, ಮೂರು ಅಚ್ಚಿನ ಮಿತಿ 24ರಿಂದ 27ಕ್ಕೆ ಹೋಯಿತು.

ಈಗ ಒಂದು ಲಾರಿಯನ್ನು ಕಾಟಾದ ಮೇಲೆ ನಿಲ್ಲಿಸೋಣ. ಒಟ್ಟು 18.5 ಟನ್, ಕಾಗದದ ಮೇಲೆ ತಪ್ಪಿಲ್ಲ. ಆದರೆ ಕಲ್ಲನ್ನು ಹಿಂದಕ್ಕೆ ಹೇರಿದ್ದರಿಂದ ಮುಂದಿನ ಅಚ್ಚಿಗೆ 5.5, ಹಿಂದಿನದಕ್ಕೆ 13 ಟನ್ ಬಿದ್ದಿದೆ. ನಾಲ್ಕನೆಯ ಘಾತದ ಲೆಕ್ಕದಲ್ಲಿ 11.5 ಟನ್ನಿನ ಅಚ್ಚು ಹೆಚ್ಚು ಕಡಿಮೆ ನಾಲ್ಕು ಪ್ರಮಾಣ ಅಚ್ಚುಗಳಿಗೆ ಸಮ. 13 ಟನ್ನಿನದು ಸುಮಾರು ಆರೂವರೆಗೆ ಸಮ. ಕಾಟಾದ ಚೀಟಿ ಎರಡಕ್ಕೂ ಒಂದೇ ಅಂಕಿ ಬರೆಯುತ್ತದೆ. ಒಟ್ಟು ತೂಕ ಮಾತ್ರ ಹೇಳುವ ಕಾಟಾ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಹೆದ್ದಾರಿ ಟೋಲ್‌ಗಳಲ್ಲಿ ವಾಹನ ಚಲಿಸುತ್ತಿರುವಾಗಲೇ ಒಂದೊಂದು ಅಚ್ಚನ್ನೂ ತೂಗುವ ಯಂತ್ರಗಳು ಬಂದಿರುವುದು ಈ ಕೊರತೆ ನೀಗಲು. ಗಣಿಯಿಂದ ಹೆದ್ದಾರಿ ಸೇರುವವರೆಗಿನ ಹಳ್ಳಿಯ ರಸ್ತೆಗಳಿಗೆ ಅಂತಹ ಕಾವಲಿಲ್ಲ. ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುವ ಗುಣದ್ದು. ಅದರ ಮೇಲಿನ ತೆಳು ಡಾಂಬರಿಗೆ ಇಂತಹ ಅಚ್ಚುಗಳು ಎಷ್ಟು ಭಾರವೆಂಬುದನ್ನು ಆ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವವರನ್ನು ಕೇಳಬೇಕು.

ಹೊರೆ ಯಾರದು?

ಹೆಚ್ಚುವರಿ ಹೊರೆಗೆ ಒಂದು ಕಾಲದಲ್ಲಿ ಕೆಲವು ರಾಜ್ಯಗಳು ಮುಂಗಡವಾಗಿಯೇ ಹಣ ಪಡೆದು ಚೀಟಿ ಕೊಡುತ್ತಿದ್ದವು. ದಂಡ ಕಟ್ಟಿದ ಮಾತ್ರಕ್ಕೆ ಹೊರೆ ಇಳಿಸದೆ ಮುಂದೆ ಹೋಗಲು ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರ ನವೆಂಬರಿನಲ್ಲಿ ತೀರ್ಪು ನೀಡಿತು. 2019ರ ತಿದ್ದುಪಡಿ ಕಾಯ್ದೆ ಹೆಚ್ಚುವರಿ ಹೊರೆಯ ದಂಡವನ್ನು 2,000 ರೂಪಾಯಿಯಿಂದ 20,000ಕ್ಕೆ, ಪ್ರತಿ ಹೆಚ್ಚುವರಿ ಟನ್ನಿನ ಮೊತ್ತವನ್ನು 1,000ದಿಂದ 2,000ಕ್ಕೆ ಏರಿಸಿತು. ತೂಗಲು ಒಪ್ಪದೆ ಹೋದರೆ 40,000 ರೂಪಾಯಿ.

ಈ ದಂಡದ ಮುಂದೆ ಮೊದಲು ನಿಲ್ಲುವವನು ಚಾಲಕ. ಹೊರೆ ಎಷ್ಟೆಂದು ನಿಶ್ಚಯಿಸಿದವನು ಅವನಲ್ಲ, ಅನೇಕ ಸಲ ಹೇರಿಸಿದವನೂ ಅಲ್ಲ. ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವವರೆಗೆ ಒಂದು ಟನ್ ಹೆಚ್ಚು ಹೇರುವ ಆಸೆ ಹೋಗುವುದಿಲ್ಲ. ಚಾಲಕ ಮಾಲೀಕನಲ್ಲದಿದ್ದರೆ ತಪ್ಪು ಮಾಲೀಕನಿಗೆ ತಿಳಿದೇ ನಡೆದಿದೆ ಎಂದು ನ್ಯಾಯಾಲಯ ಊಹಿಸಬಹುದೆಂದು ಕಾಯ್ದೆಯಲ್ಲೇ ಇದೆ. ಆದರೆ ರಾತ್ರಿ ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿಕೊಂಡು ಕೂರುವವನಿಗೆ ಆ ಕಲಮಿನಿಂದ ತಕ್ಷಣದ ಸಮಾಧಾನವೇನೂ ಇಲ್ಲ.

ಅಚ್ಚನ್ನು ಸರಿಸುವುದರಿಂದ, ಹೊರೆಯನ್ನು ಸರಿಸುವುದರಿಂದ ಭಾರ ಕಡಿಮೆಯಾಗುವುದಿಲ್ಲ. ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಎತ್ತಿನ ಹೆಗಲು ಬಾತಾಗ ಒಡೆಯನಿಗೆ ಅದು ಬೆಳಗಾಗುವುದರೊಳಗೆ ಕಾಣುತ್ತಿತ್ತು, ಆ ನಷ್ಟ ಅವನದೇ ಆಗಿತ್ತು. ಹೀಗಾಗಿ ಮರುದಿನ ಅವನು ನಾಲ್ಕು ಕಲ್ಲು ಇಳಿಸುತ್ತಿದ್ದ ಅಥವಾ ಹಿಂದಕ್ಕೆ ಸರಿಸುತ್ತಿದ್ದ. ಇಂದು ಅದೇ ತಪ್ಪು ಹಳ್ಳಿಯ ರಸ್ತೆಯಲ್ಲಿ ಆರು ತಿಂಗಳ ನಂತರ ಗುಂಡಿಯಾಗಿ ಕಾಣುತ್ತದೆ. ಅಷ್ಟರಲ್ಲಿ ಆ ಕಲ್ಲು ದೂರದ ಯಾವುದೋ ಮನೆಯ ನೆಲವಾಗಿರುತ್ತದೆ, ಲಾರಿ ಬೇರೆ ದಾರಿ ಹಿಡಿದಿರುತ್ತದೆ. ಗಣಿಯ ಬಾಗಿಲಲ್ಲೇ, ಹೇರಿದವರ ಕಣ್ಣೆದುರಿನಲ್ಲೇ ಒಂದೊಂದು ಅಚ್ಚನ್ನೂ ತೂಗುವ ಕಾಟಾ ಇದ್ದರೆ ಆ ತಪ್ಪು ಮತ್ತೆ ಬೇಗ ಕಾಣುವಂತಾದೀತು. ನೊಗವನ್ನು ಕೈಯಿಂದ ಎತ್ತಿ ನೋಡುತ್ತಿದ್ದ ಗಾಡಿಯವನ ಪದ್ಧತಿಯೂ ಅದೇ ಆಗಿತ್ತು: ತೂಗಬೇಕಾದದ್ದು ಹೊರಡುವ ಮುನ್ನ.